ಹನಿಗೀರು

ಕಿಟಕಿಗಲ್ಲಿನ ಅಡಿಯಲ್ಲೊಂದು ಗೀರು.
ಕಿರುಬೆರಳ ತುದಿ ಹೊಕ್ಕರೆ ಹೊಕ್ಕೀತು, ಅಷ್ಟೇ.
ಅಂಚಿಗೆ ಓಡಿಬಂದ ನೀರು ಅಲ್ಲಿ ತಡವರಿಸಿ
ಗೋಡೆಯ ಆಸೆ ಬಿಟ್ಟು ನೆಲಕ್ಕೆ ಬೀಳುತ್ತದೆ.
ಅದನ್ನು ಬರೆದವಳು ನಾನು,
ಮೊರಾಗ್ ಸ್ಪಿಂಕ್, ಅರ್ಬ್ರೋತ್ ಊರಿನವಳು.
ಇಪ್ಪತ್ತೇಳು ವರ್ಷದಿಂದ ಇಂಥವನ್ನೇ ಬರೆಯುತ್ತಿದ್ದೇನೆ.

ಇಲ್ಲಿ ಮಳೆ ಮೇಲಿಂದ ಬರುವುದು ಕಡಿಮೆ.
ಸಮುದ್ರದಿಂದ ಅಡ್ಡಡ್ಡ ಬರುತ್ತದೆ,
ಉಪ್ಪು ಹೊತ್ತು, ಯಾರ ಮನೆಯೆಂದು ಕೇಳದೆ.
ಹನಿಗೂಡಿದರೆ ಹಳ್ಳವಂತೆ.
ಗೋಡೆಯೊಳಗೆ ಹನಿಗೂಡಿದರೆ ಬೂಷ್ಟು,
ಬೂಷ್ಟಿನ ಹಿಂದೆಯೇ ಮಗುವಿನ ಕೆಮ್ಮು.

ಚಾರ್ಟರ್ಡ್ ಆಗಲು ದಾರಿ ಎರಡು.
ಒಂದು ಪದವಿಯದು. ನೇರ ಮೆಟ್ಟಿಲು, ಹಿಡಿಯಲು ಕಂಬಿ;
ನಮ್ಮ ಆಫೀಸಿನ ರೂರಿ ಡಾರ್ವರ್ಡ್
ಇಪ್ಪತ್ತಾರಕ್ಕೇ ಹತ್ತಿ ಮೇಲೆ ನಿಂತು ಕೈಬೀಸಿದ.
ಇನ್ನೊಂದು ಅನುಭವದ್ದು.
ಹಿತ್ತಿಲ ಬಾಗಿಲು ಅನ್ನುವವರಿದ್ದಾರೆ. ಅನ್ನಲಿ.
ಹಿತ್ತಿಲ ಬಾಗಿಲಿನ ಹೊಸ್ತಿಲನ್ನೂ
ನೀರು ಒಳನುಗ್ಗದಂತೆ ಬರೆಯಬೇಕಾದವಳು ನಾನೇ ತಾನೆ.

ಸಾಕ್ಷ್ಯ ಲಗತ್ತಿಸಿ, ಎಂದಿತು ಅರ್ಜಿ.
ಸುರುಳಿ ಬಿಚ್ಚಿದೆ:
ಒಂದು ಶಾಲೆ, ದೋಣಿ ರಿಪೇರಿ ಶೆಡ್ಡು, ಆಸ್ಪತ್ರೆಯ ಎರಡು ವಾರ್ಡು,
ಬಂದರಿನ ಹಿಂದಿನ ಹದಿನಾರು ಮನೆ.
ಎಲ್ಲದರ ಬಲಮೂಲೆಯ ಚೌಕದಲ್ಲಿ
ಆರ್ಕಿಟೆಕ್ಟ್ ಗಿಲ್‌ಕ್ರಿಸ್ಟ್, ದಪ್ಪಕ್ಷರದಲ್ಲಿ.
ಅದರಡಿ, ನಕ್ಷೆ ಬರೆದವರು ಎಂಬಲ್ಲಿ,
ಇರುವೆಗಾತ್ರದ ಎಂ.ಎಸ್.
ಒಂದರಲ್ಲಿ ಅದೂ ಇಲ್ಲ. ಟೀ ಲೋಟದ ಉಂಗುರವಿದೆ.
ಉಂಗುರ ನನ್ನದೇ.
ಲಗತ್ತಿಸಲೇ?

ರುಜು ಬೇಕಿತ್ತು, ಗಿಲ್‌ಕ್ರಿಸ್ಟರ ಮನೆಗೆ ಹೋದೆ.
‘ಈ ವಯಸ್ಸಿಗೆ ಹೆಸರಿನ ಹಿಂದೆ ಅಕ್ಷರ ಯಾಕೆ?
ಸಹಿ ಹಾಕಲು ನಾನಿದ್ದೆನಲ್ಲ’ ಅಂದರು.
ಆಮೇಲೆ ಕನ್ನಡಕ ಏರಿಸಿ ಹಾಳೆ ತಿರುವುತ್ತ ಕೂತರು.
ಶಾಲೆಯ ಮಾಡು ಗೋಡೆಯನ್ನು ಸೇರುವ ಮೂಲೆಯಲ್ಲಿ
ಅವರ ಬೆರಳು ನಿಂತಿತು.
‘ಇದು ನನ್ನ ಯೋಚನೆ ಅಂದುಕೊಂಡಿದ್ದೆ.’
ನಾನು ಏನೂ ಹೇಳಲಿಲ್ಲ.
ಪೆನ್ನಿಗೆ ತಡಕಾಡಿದರು. ನನ್ನದನ್ನೇ ಕೊಟ್ಟೆ.

ಸಂದರ್ಶನ. ಪರದೆಯ ಮೇಲೆ ಎರಡು ಮುಖ,
ಒಬ್ಬರ ಹಿಂದೆ ಒಣಹಾಕಿದ ಟವೆಲು.
ಬೆಂಕಿ, ಉಗಿತಡೆ, ಗಾಳಿಸಂದು,
ಎಲ್ಲಕ್ಕೂ ಸಲೀಸು ಉತ್ತರಿಸಿದೆ.
ಕೊನೆಗೆ ಟವೆಲಿನವರು ಕೇಳಿದರು:
ಇವತ್ತಾದರೆ ಬೇರೆ ಥರ ಮಾಡುತ್ತಿದ್ದ
ಒಂದು ಕೆಲಸ ಹೇಳಿ.

ಗಂಟಲಲ್ಲೊಂದು ಸಿದ್ಧ ಉತ್ತರವಿತ್ತು, ಪಾಲಿಶ್ ಮಾಡಿದ್ದು.
ಅದನ್ನು ನುಂಗಿ ಹನ್ನೊಂದನೇ ಮನೆಯ ಮಾತೆತ್ತಿದೆ.
ಬಾಲ್ಕನಿಯ ಚಪ್ಪಡಿ ಗೋಡೆ ತೂರಿ ಒಳಹೋಗುವಲ್ಲಿ
ಚಳಿಗೂ ಒಂದು ದಾರಿ ತೆರೆಯುತ್ತದೆ.
ನನಗೆ ಗೊತ್ತಿತ್ತು.
ಅಲ್ಲಿ ತಡೆ ಬೇಕೆಂದು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೆ.
ಲೆಕ್ಕದವರು ದುಬಾರಿ ಎಂದರು,
ಮಧ್ಯಾಹ್ನದೊಳಗೆ ಹಾಳೆ ಹೋಗಬೇಕಿತ್ತು,
ಅಳಿಸಿದೆ.
ಮಿಸೆಸ್ ಕಾರ್ಗಿಲ್ ಹದಿಮೂರು ಚಳಿಗಾಲದಿಂದ
ಬೀರುವಿನ ಹಿಂದಿನ ಕಪ್ಪನ್ನು ಬ್ಲೀಚಿನಿಂದ ಉಜ್ಜುತ್ತಿದ್ದಾರೆ.
ಹಾಳೆಯ ಮೇಲೆ ನನ್ನ ಹೆಸರಿರಲಿಲ್ಲ.
ಹಾಗಾಗಿ ತಪ್ಪಿನ ಮೇಲೂ ಇರಲಿಲ್ಲ.
ಇರುವೆಗಾತ್ರಕ್ಕೆ ಅದೊಂದು ಸುಖ.

ಪರದೆ ಸ್ವಲ್ಪ ಹೊತ್ತು ಸುಮ್ಮನಿತ್ತು.
ಸಂಪರ್ಕ ಕಡಿದಿದೆಯೋ ಎಂದುಕೊಂಡೆ.

ಆರು ವಾರಕ್ಕೆ ಪತ್ರ ಬಂತು, ಆಗಿದೆ ಎಂದು.
ಬೆನ್ನಿಗೇ ವಿಮೆಯ ಕಂತಿನ ಚೀಟಿ:
ಇನ್ನು ಮುಂದೆ ಸೋರಿದರೆ ಹುಡುಕುವುದು ನನ್ನನ್ನೇ.
ರೂರಿ ಕೇಕು ತಂದ. ಕ್ರೀಮು ನಕ್ಷೆಗೆ ತಾಗಿತು.

ಹೊಸ ಹಾಳೆಯ ಬಲಮೂಲೆಯಲ್ಲಿ
ಪೂರ್ತಿ ಹೆಸರು ಬರೆಯಹೋದೆ, ಚೌಕ ಸಾಲಲಿಲ್ಲ.
ಗೆರೆ ಸರಿಸಿದೆ, ಒಂಬತ್ತು ಮಿಲಿಮೀಟರ್.

ಈಗ ಹನ್ನೊಂದನೇ ಮನೆಗೆ ಫೋನು ಹಚ್ಚಿದ್ದೇನೆ.
ರಿಂಗಾಗುತ್ತಿದೆ.